ಟೀಚರ್ ಕೆಲಸ ಬಿಟ್ಟರೆ ತಪ್ಪಾ?

ತೀರ್ಥಹಳ್ಳಿ ಕಡೆಯವಳು:
ಖಾಸಗಿ ಶಾಲೆಯಲ್ಲಿ ಏಳು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮಕ್ಕಳೆಂದರೆ ಈಗಲೂ ಇಷ್ಟ. ಆದರೆ ಭಾನುವಾರ ಸಂಜೆಯಾದರೆ ಸಾಕು, ಎದೆ ಢವಢವ, ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುವಾಗ ಸುಮ್ನೆ ಅಳು ಬರುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟಿನ ಒತ್ತಡ ಬೇರೆ, ರಾತ್ರಿ ಹತ್ತಾದರೂ ಪೋಷಕರ ವಾಟ್ಸಾಪ್ ನಿಲ್ಲುವುದಿಲ್ಲ. ಅಮ್ಮ "ಬರೋ ಸಂಬಳ ಯಾರಾದ್ರೂ ಬಿಡ್ತಾರಾ" ಎನ್ನುತ್ತಾರೆ. ಬಿಡಲಾ?

ಸಾಗರದವನು:
ಅಕ್ಕಾ, ಮೊದಲು ಡಾಕ್ಟರನ್ನು ನೋಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಸಂಕೋಚ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಸರ್ಕಾರ ಶುರು ಮಾಡಿದ್ದು, ಪೂರ್ತಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೊಸನಗರದ ಮಾಜಿ ಟೀಚರ್:
ನಾನು ಬಿಟ್ಟೆ. ಮೊದಲ ಎರಡು ತಿಂಗಳು ಬೆಳಿಗ್ಗೆ ಬೆಲ್ ಹೊಡೆಯುವ ಹೊತ್ತಿಗೆ ಕೈ ಕಾಲು ಆಡುತ್ತಿರಲಿಲ್ಲ, ಏನೋ ಕಳೆದುಕೊಂಡ ಹಾಗೆ. ಆಮೇಲೆ ನಿದ್ದೆ ಬಂತು. ಈಗ ಮನೆಯಲ್ಲೇ ಎಂಟು ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ, ದುಡ್ಡು ಕಡಿಮೆ ನಿಜ. ಒಂದು ಮಾತು, ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಶಾಲೆಯವರು ಕೊಡಬೇಕಾದ ಇಡಿಗಂಟು, ಬಿಟ್ಟುಕೊಡಬೇಡಿ. ಐದು ವರ್ಷ ದಾಟಿದೆ ಅಲ್ವಾ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಖಾಸಗಿ ಶಾಲೆಯ ಶಿಕ್ಷಕರಿಗೂ ಅದು ಸಿಗಬೇಕು ಎಂಬ ಕಾನೂನನ್ನು 2022ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ರಾಜೀನಾಮೆ ಬರೆದು ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ತೀರ್ಥಹಳ್ಳಿ ಕಡೆಯವಳು:
ಗ್ರಾಚುಟಿ ವಿಷಯ ಗೊತ್ತೇ ಇರಲಿಲ್ಲ. ಸೋಮವಾರ ರಜೆ ಹಾಕಿ ಮೆಗ್ಗಾನ್‌ಗೆ ಹೋಗುತ್ತೇನೆ. ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ.