ಅಪ್‌ಡೇಟ್: ಮಗನನ್ನು ನರ್ಸರಿಯಿಂದ ಬಿಡಿಸಲಿಲ್ಲ

ಜೂನ್‌ನಲ್ಲಿ ಇಲ್ಲಿ ಕೇಳಿದ್ದೆ: ನಾಲ್ಕು ವರ್ಷದ ಮಗನಿಗೆ ಆಟಿಸಂ, ಮಾತು ಬಂದಿಲ್ಲ, ನರ್ಸರಿಯವರು "ಒಂದು ಕಡೆ ಕೂರಲ್ಲ, ಬಿಡಿಸಿಬಿಡಿ" ಅಂತಿದ್ದಾರೆ, ಏನು ಮಾಡಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ, ಅಂದರೆ ಮಾನಸಗಂಗೋತ್ರಿಯ ಆಯಿಷ್‌ಗೆ ಹೋದೆವು. ಅವನ ಜೊತೆ ನನಗೂ ಕಲಿಸಿದರು. ಮನೆಯಲ್ಲಿ ಚಿತ್ರದ ಕಾರ್ಡ್ ಶುರು ಮಾಡಿದೆವು. ನೀರು, ತಿಂಡಿ, ಬಾತ್‌ರೂಮ್, ಸಾಕು. ಈ "ಸಾಕು" ಕಾರ್ಡ್ ಇದೆಯಲ್ಲ, ಅದೇ ನಮ್ಮನ್ನು ಕಾಪಾಡಿದ್ದು. ಮೊದಲೆಲ್ಲ ಗದ್ದಲ ಜಾಸ್ತಿಯಾದರೆ ಕಿರುಚಿ ಪಕ್ಕದ ಮಗುವನ್ನು ಕಚ್ಚುತ್ತಿದ್ದವನು ಈಗ ಆ ಕಾರ್ಡ್ ತಂದು ಕೈಗೆ ಕೊಡುತ್ತಾನೆ. ಮೊದಲ ಸಲ ಕೊಟ್ಟಾಗ ನಾನು ಅತ್ತುಬಿಟ್ಟೆ. ಕಾರ್ಡ್ ಅಭ್ಯಾಸವಾದರೆ ಮಾತೇ ಬರಲ್ಲ ಅಂತ ಅತ್ತೆ ಹೆದರಿದ್ದರು. ಹಾಗೇನಿಲ್ಲ ಅಂತ ಥೆರಪಿಸ್ಟ್ ಬಿಡಿಸಿ ಹೇಳಿದರು.

ಶಾಲೆಯಲ್ಲಿ ಜಗಳ ಆಡಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ ಅಂತ ಮೆತ್ತಗೆ ಹೇಳಿದೆ. ಆಮೇಲೆ ಮಿಸ್ ಜೊತೆ ಕೂತು ಮಾತಾಡಿದೆ. ಬೆಲ್ ಹೊಡೆಯುವ ಮುಂಚೆ ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತಾರೆ. ದಿನದ ಕೆಲಸಗಳ ಚಿತ್ರ ಗೋಡೆಗೆ ಅಂಟಿಸಿದ್ದಾರೆ, ಬೇರೆ ಮಕ್ಕಳೂ ಅದನ್ನೇ ನೋಡಿಕೊಂಡು ಚೀಲ ಎತ್ತಿಡುತ್ತವಂತೆ!

ಸದ್ಯಕ್ಕೆ ದಿನಕ್ಕೆ ಒಂದೂವರೆ ಗಂಟೆ ಅಷ್ಟೇ. ದಸರಾ ರಜೆ ಮುಗಿದ ಮೇಲೆ ಅರ್ಧ ಗಂಟೆ ಜಾಸ್ತಿ ಮಾಡೋಣ ಅಂದಿದ್ದಾರೆ. ಯುಡಿಐಡಿ ಕಾರ್ಡ್‌ಗೂ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೂ ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ.