ಮಲೆನಾಡಿನ ವಿಲಕ್ಷಣ ಮನೆಗಳು, ಕಟ್ಟಡಗಳು: ನೋಡಿದವರ ಅನುಭವ

ಕೋರಿಕೆ

ನಾವು ದಾವಣಗೆರೆಯವರು. ಬೇಸಿಗೆ ರಜೆಯಲ್ಲಿ ತಾಯಿಯವರನ್ನೂ ಕರೆದುಕೊಂಡು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆಗೆ ಬರುವವರಿದ್ದೇವೆ. ಜೋಗ, ಸಕ್ಕರೆಬೈಲು ಮೊದಲೇ ನೋಡಿದ್ದಾಗಿದೆ. ಬೇರೆಡೆ ಕಾಣಸಿಗದಂಥ, ‘ಇದನ್ನು ಹೀಗೇಕೆ ಕಟ್ಟಿದರು’ ಎಂಬ ಪ್ರಶ್ನೆ ಹುಟ್ಟಿಸುವಂಥ ಮನೆಗಳು, ಕಟ್ಟಡಗಳು ಯಾವುವೆಂದು ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ. ತಾಯಿಯವರಿಗೆ ಬೆಟ್ಟ ಹತ್ತಲಾಗದು.

ಸಾಗರದಿಂದ

ಬೇಸಿಗೆಯಲ್ಲಿ ಬರುತ್ತಿದ್ದೀರಿ ಎಂಬ ಕಾರಣಕ್ಕೇ ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನು ಹೇಳುತ್ತೇನೆ. ಉಳಿದ ಕಾಲದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲೆಂದು ಕಟ್ಟಿ 1948ರ ಹೊತ್ತಿಗೆ ಮುಗಿಸಿದ್ದ ಈ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಅದರ ಹಿನ್ನೀರಿನಲ್ಲಿ ತಾನೇ ಮುಳುಗಿತು. ಸಮುದ್ರಮಟ್ಟದಿಂದ ಗರಿಷ್ಠ 1819 ಅಡಿಯವರೆಗೆ ನೀರು ನಿಲ್ಲುವ ಲಿಂಗನಮಕ್ಕಿಯಲ್ಲಿ ಮಟ್ಟ ಬಹಳ ಕೆಳಗಿಳಿದ ವರ್ಷ ಮಾತ್ರ, ಮುಂಗಾರು ಹಿಡಿಯುವ ಮೊದಲಿನ ಕೆಲವು ವಾರ, ಅದು ಪೂರ್ತಿ ಹೊರಗೆ ಕಾಣುತ್ತದೆ. ನೋಡಬೇಕಾದದ್ದು ಅದರ ಸೈಫನ್‌ಗಳನ್ನು. ಗೇಟು ಎತ್ತಿ ಇಳಿಸುವ ಕೆಲಸವೇ ಇಲ್ಲದೆ, ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ತಾನಾಗಿಯೇ ಸೆಳೆದುಕೊಂಡು ಆಚೆಗೆ ಬಿಡುವ ಏರ್ಪಾಡು ಅದು. ದಶಕಗಟ್ಟಲೆ ನೀರಿನಡಿಯಲ್ಲಿದ್ದೂ ಕಟ್ಟಡ ಗಟ್ಟಿಯಾಗಿಯೇ ನಿಂತಿದೆ. ಆದರೆ ಹೊರಡುವ ಮೊದಲು ಆ ವರ್ಷದ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ, ಅಲ್ಲಿಗೆ ಹೋಗಲು ಬಿಡುತ್ತಾರೆಯೇ ಎಂದು ಊರವರನ್ನು ವಿಚಾರಿಸಿ. ಹಿನ್ನೀರಿನ ನೆಲ ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಳಗೆ ಕೆಸರಿರುತ್ತದೆ. ಕಾರನ್ನು ದಡದಿಂದ ಕೆಳಗಿಳಿಸಬೇಡಿ.

ಸಾಗರಕ್ಕೆ ಹತ್ತಿರದ ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ತಾಯಿಯವರೂ ಆರಾಮವಾಗಿ ಬರಬಹುದು. ಎಲ್ಲರೂ ದೊಡ್ಡ ನಂದಿಯನ್ನು ನೋಡಿ ಹೊರಟುಬಿಡುತ್ತಾರೆ. ನೀವು ಕಂಬಗಳ ನಡುವಿನ ಅಂತರವನ್ನು ಗಮನಿಸಿ. ಆ ಅಂತರವನ್ನೇ ತೋಟದ ಜಮೀನಿನ ಅಳತೆಗೋಲಾಗಿ ಇಟ್ಟುಕೊಂಡಿದ್ದರು. 18 ಅಡಿ 6 ಅಂಗುಲದ ಆ ಗಳೆಯನ್ನು ಒಂದು ಮರಕ್ಕೆ ಬೇಕಾದ ಜಾಗವೆಂದು ಲೆಕ್ಕ ಹಿಡಿದು ‘ಶಿಸ್ತು’ ಎಂದು ಕರೆಯುತ್ತಿದ್ದ ಕಂದಾಯದ ದರವನ್ನು ನಿಗದಿ ಮಾಡುತ್ತಿದ್ದರು. ಅಡಿಕೆ ತೋಟದ ತೆರಿಗೆಯ ಮೂಲಮಾನ ದೇವರ ಎದುರಿನಲ್ಲೇ ಕಲ್ಲಾಗಿ ನಿಂತಿರುವಾಗ ಯಾವ ಶಾನುಭೋಗರೂ ಗಳೆಯನ್ನು ಗಿಡ್ಡ ಮಾಡುವಂತಿರಲಿಲ್ಲ ಎಂದು ನನಗನ್ನಿಸುತ್ತದೆ. ನೆಲಹಾಸಿನಲ್ಲಿ ದೇವರಿಗೆ ಅಡ್ಡಬಿದ್ದ, ಈ ಸೀಮೆಯನ್ನು ಆಳಿದ ಕೆಳದಿಯ ನಾಯಕರ ಕೆತ್ತನೆಗಳೂ ಇವೆ. ಕಾಲಿಡುವ ಮುನ್ನ ಕೆಳಗೆ ನೋಡಿ.

ತೀರ್ಥಹಳ್ಳಿಯಿಂದ

ಮೇಲಿನವರು ಹೇಳಿದ್ದು ಸರಿಯೇ, ಆದರೆ ಕೇಳಿದವರು ಮನೆಗಳನ್ನೂ ಕೇಳಿದ್ದಾರೆ. ಹಾಗಾದರೆ ಕುಪ್ಪಳಿಯ ಕವಿಮನೆಯಿಂದ ಆರಂಭಿಸುವುದು ಒಳ್ಳೆಯದು. ಕುವೆಂಪು ಅವರ ಆ ಮನೆ ಈಗ ವಸ್ತುಸಂಗ್ರಹಾಲಯವಾಗಿರುವುದರಿಂದ ಸಂಕೋಚವಿಲ್ಲದೆ ಒಳಗೆಲ್ಲ ಓಡಾಡಬಹುದು. ಬಯಲುಸೀಮೆಯವರಿಗೆ ಮೊದಲು ವಿಚಿತ್ರವೆನಿಸುವುದು ನಡುವಿನ ತೊಟ್ಟಿ: ಮಳೆಯಿಂದ ತಪ್ಪಿಸಿಕೊಳ್ಳಲು ಇಷ್ಟು ದೊಡ್ಡ ಮಾಡು ಹೊದಿಸಿದವರು ಮನೆಯ ನಟ್ಟನಡುವೆ ಆಕಾಶಕ್ಕೆ ಬಾಯಿ ಬಿಟ್ಟದ್ದೇಕೆ ಎಂದು ಕೇಳುತ್ತಾರೆ. ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ ತಗ್ಗಿ ಬರುವುದರಿಂದ ಸುತ್ತಣ ಕೋಣೆಗಳಿಗೆ ಹೊರಗಿನ ಬೆಳಕು ಸಾಲದು. ತೊಟ್ಟಿಯಿಂದಲೇ ಬೆಳಕು, ತೊಟ್ಟಿಯಿಂದಲೇ ಗಾಳಿ. ಹಂಚಿನಿಂದ ಇಳಿದ ನೀರು ಅಂಗಳದ ಕಲ್ಲುಹಾಸಿನ ಮೇಲೆ ಬಿದ್ದು ಒಳಗಾಲುವೆಯಲ್ಲಿ ಹೊರಗೆ ಹೋಗುತ್ತದೆ. ಅಟ್ಟ ಹತ್ತುವಾಗ ತಲೆ ಬಗ್ಗಿಸಿ, ತೊಲೆಗಳು ಯಾರ ದಾಕ್ಷಿಣ್ಯವನ್ನೂ ನೋಡುವುದಿಲ್ಲ.

ಇಂಥದೇ ದೊಡ್ಡ ತೊಟ್ಟಿಯ ಮನೆ ಆಗುಂಬೆಯಲ್ಲಿದೆ, ‘ದೊಡ್ಡಮನೆ’ ಎಂದರೆ ಯಾರಾದರೂ ತೋರಿಸುತ್ತಾರೆ. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಮರ, ಮಣ್ಣು, ಹಂಚುಗಳ ಮನೆ ಹೇಗೆ ಉಳಿಯಿತೆಂಬುದು ಅಲ್ಲಿ ತಿಳಿಯುತ್ತದೆ. ಅದು ಜನ ವಾಸವಿರುವ ಮನೆ. ಜಗಲಿಯ ಕೆಳಗೇ ನಿಂತು, “ಅಮ್ಮಾ, ಒಳಗೆ ಬರಬಹುದಾ?” ಎಂದು ಕೇಳಿ, ಹೇಳಿದ ಮೇಲೆ ಚಪ್ಪಲಿ ಬಿಟ್ಟು ಹತ್ತಿ, ಅಡುಗೆಮನೆಯ, ದೇವರ ಕೋಣೆಯ ಚಿತ್ರ ತೆಗೆಯಬೇಡಿ.

ಕವಲೇದುರ್ಗಕ್ಕೆ ತಾಯಿಯವರನ್ನು ಕರೆದೊಯ್ಯಬೇಡಿ, ಹಾಸುಗಲ್ಲಿನ ಏರುದಾರಿ ಸುಲಭದ್ದಲ್ಲ. ನೀವು ಮಾತ್ರ ಹತ್ತುವುದಾದರೆ ಪಾಳು ಅರಮನೆಯ ಅಡುಗೆಮನೆಯ ಜಾಗದಲ್ಲಿರುವ ಕಲ್ಲಿನ ಒಲೆಯನ್ನು ಹುಡುಕಿ. ಒಂದೇ ಕಡೆ ಹಲವು ಪಾತ್ರೆಗಳನ್ನು ಇಡುವಂತೆ ಕೊರೆದಿರುವ ಆ ಒಲೆ ಗೋಡೆ, ಮಾಡು ಎಲ್ಲ ಹೋದ ಮೇಲೂ ಬಯಲಿನಲ್ಲಿ ಕುಳಿತಿದೆ.

ಶಿವಮೊಗ್ಗದಿಂದ

ಊರೊಳಗಿನ ಶಿವಪ್ಪನಾಯಕನ ಅರಮನೆಗೆ ಒಂದು ಗಂಟೆ ಸಾಕು. ಅರಮನೆ ಎಂಬ ಹೆಸರಿಗೆ ಕಟ್ಟಡ ಚಿಕ್ಕದೆಂದು ಮಕ್ಕಳು ಮುಖ ಸಿಂಡರಿಸಬಹುದು. ಆದರೆ ಭಾರಿ ಮರದ ಕಂಬಗಳ ದರ್ಬಾರು ಕೋಣೆಯನ್ನು ಅಲ್ಲಿಯೇ ನಿಂತು ನೋಡಬೇಕು.

ಕೊಪ್ಪದಿಂದ

ತೀರ್ಥಹಳ್ಳಿಯವರೆಗೆ ಬಂದವರು ಶೃಂಗೇರಿಯನ್ನು ಬಿಟ್ಟು ಹೋಗಬಾರದು, ದೂರವೂ ಹೆಚ್ಚಿಲ್ಲ. 14ನೇ ಶತಮಾನದ ವಿದ್ಯಾಶಂಕರ ದೇವಾಲಯಕ್ಕೆ ನಾವು ಊಹಿಸುವ ಚೌಕದ ಮೂಲೆಗಳಿಲ್ಲ. ಎರಡೂ ತುದಿಗಳಲ್ಲಿ ಗೋಡೆ ಬಾಗಿದೆ. ಒಳಗಿನ 12 ಕಂಬಗಳಲ್ಲಿ ಒಂದೊಂದು ರಾಶಿಯ ಕೆತ್ತನೆಯಿದ್ದು, ಸೂರ್ಯ ಆಯಾ ರಾಶಿಯಲ್ಲಿರುವಾಗ ಬೆಳಗಿನ ಕಿರಣ ಆ ಕಂಬದ ಮೇಲೆ ಬೀಳುತ್ತದೆ ಎಂಬುದು ಪ್ರತೀತಿ. ನಿಮ್ಮ ತಾಯಿಯವರಿಗೆ ಇದಕ್ಕಿಂತ ಇಷ್ಟವಾಗಬಹುದಾದದ್ದು ಕಂಬದ ಸಿಂಹಗಳ ಬಾಯೊಳಗಿನ ಕಲ್ಲಿನ ಗುಂಡು: ಅದು ಒಳಗೇ ಉರುಳುತ್ತದೆ, ಹೊರಗೆ ಬರುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನವಾದರೆ ಸುತ್ತಣ ಹಾಸುಗಲ್ಲು ಕಾದು ಬರಿಗಾಲಿನಲ್ಲಿ ಪ್ರದಕ್ಷಿಣೆ ಬರಲು ವಯಸ್ಸಾದವರಿಗೆ ಕಷ್ಟವಾಗುತ್ತದೆ.