ಪುಟ್ಟಿ, ದೊಡ್ಡ ಜೂಮ್ ಈಗಲೇ ಕೊಳ್ಳಬೇಡ

ಪುಟ್ಟಿ, ನಿನ್ನ ಮೆಸೇಜ್ ಬೆಳಗ್ಗೆನೇ ನೋಡಿದೆ, ಅಂಗಡಿಯಲ್ಲಿ ಜನ ಇದ್ದರು, ಈಗ ಬಿಡುವಾಯಿತು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಭಾನುವಾರ ಗೆಳತಿಯರ ಜೊತೆ ದಾವಣಗೆರೆಗೆ ಬರುತ್ತೀಯ, ಬೆಣ್ಣೆ ದೋಸೆದೂ ಚಿತ್ರದುರ್ಗದ ಕೋಟೆದೂ ಫೋಟೊ ತೆಗೆಯಬೇಕು, ಕ್ಯಾಮೆರಾ ಜೊತೆ ಬಂದ 18-55 ಮಿ.ಮೀ. ಲೆನ್ಸ್ ಸಾಲಲ್ಲ, ದೊಡ್ಡ ಜೂಮ್ ತಗೊಳ್ಳಲಾ ಅಂತ ಕೇಳಿದ್ದೀಯ. ಬೇಡಮ್ಮ. ನನ್ನ 55-250 ಜೂಮ್ ಲೆನ್ಸ್ ಇದೆ (ನಂಬರ್ ಸಣ್ಣದಾದಷ್ಟೂ ಫ್ರೇಮಲ್ಲಿ ಜಾಸ್ತಿ ಜಾಗ ಹಿಡಿಯುತ್ತದೆ, ದೊಡ್ಡದಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ), ನಿಂದೂ ಕ್ಯಾನನ್ ಡಿಎಸ್‌ಎಲ್‌ಆರೇ ಅಲ್ವಾ, ಕೂರುತ್ತದೆ, ತಗೊಂಡು ಹೋಗು.

ದೋಸೆಗೆ ಮಾತ್ರ ಅದನ್ನು ಹಾಕಬೇಡ. ಅದಕ್ಕೆ ಫೋಕಸ್ ಸಿಗಬೇಕಾದರೆ ಹತ್ತತ್ರ ಒಂದು ಮೀಟರ್ ಹಿಂದೆ ಸರಿಯಬೇಕು, ಭಾನುವಾರ ಬೆಳಗ್ಗೆ ನಮ್ಮೂರ ದೋಸೆ ಹೋಟೆಲಲ್ಲಿ ಎಲ್ಲಿ ಸರಿಯುತ್ತೀಯ? ನಿನ್ನ 18-55 ಕಾಲು ಮೀಟರಿನಲ್ಲೇ ಹಿಡಿಯುತ್ತದೆ. ಆದರೆ 18ರಲ್ಲಿ ಇಟ್ಟು ತಟ್ಟೆ ಮೇಲೆ ಬಗ್ಗಬೇಡ, ತಟ್ಟೆ ಮೊಟ್ಟೆ ಆಕಾರಕ್ಕೆ ಎಳೆದುಕೊಳ್ಳುತ್ತದೆ. 50ಕ್ಕೆ ತಿರುಗಿಸಿ ಸ್ವಲ್ಪ ಹಿಂದಕ್ಕೆ ಬಾ, ತಟ್ಟೆ ದುಂಡಗೆ ಬರುತ್ತದೆ. ಕಿಟಕಿ ಅಥವಾ ಬಾಗಿಲ ಪಕ್ಕದ ಮೇಜು ಹಿಡಿ. ಬೆಳಕು ಎದುರಿನಿಂದ ಇಲ್ಲಾ ಪಕ್ಕದಿಂದ ಬಂದರೆ ಕರಗುತ್ತಿರೋ ಬೆಣ್ಣೆ ಅಂಚಲ್ಲಿ ಮಿಂಚುತ್ತದೆ, ದೋಸೆಯ ತೂತು ತೂತೂ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಅದೇ ಬೆಣ್ಣೆ ಬರೀ ಬಿಳಿ ಕಲೆ. ಬೆಣ್ಣೆ ಉಂಡೆ ಒಂದೇ ನಿಮಿಷದಲ್ಲಿ ಇಳಿದು ಹೋಗುತ್ತದೆ, ಅದಕ್ಕೆ ಮೊದಲೇ ಖಾಲಿ ಮೇಜಿನ ಮೇಲೆ ಸೆಟ್ಟಿಂಗ್ ನೋಡಿಕೊಂಡಿರು. ಬಿಳಿ ಚಟ್ನಿ ಫ್ರೇಮ್ ತುಂಬಿದರೆ ಕ್ಯಾಮೆರಾ ಮೋಸ ಹೋಗಿ ಫೋಟೊ ಮಂಕು ಮಾಡುತ್ತದೆ, ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ತಗೊಳ್ಳೋ ಬೆಳಕು, ಅರ್ಧ ಸ್ಟಾಪಿಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಒಂಚೂರು ಜಾಸ್ತಿ ಏರಿಸು. ಕಾವಲಿ ಹತ್ತಿರ ಹೋಗೋದಾದರೆ "ಅಣ್ಣಾ, ಒಂದು ಫೋಟೊ ತೆಗೀಲಾ" ಅಂತ ಕೇಳಿಯೇ ತೆಗಿ, ಪಾಪ ಅವರು ಬೆಂಕಿ ಮುಂದೆ ನಿಂತಿರುತ್ತಾರೆ. ಖಾರ ಮಂಡಕ್ಕಿ ಮಿರ್ಚಿಗೂ ಇದೇ ಲೆನ್ಸ್ ಸಾಕು.

ಈಗ ದುರ್ಗ. ಅರವತ್ತು ಕಿಲೋಮೀಟರ್, ಬೇಗ ಹೊರಟರೆ ಬಿಸಿಲು ಏರೋಕೆ ಮುಂಚೆ ಕೋಟೆ ಹತ್ತಬಹುದು. ಜೂಮ್ ಅಂದರೆ ದೂರದ್ದನ್ನು ಹತ್ತಿರ ತರೋದು ಅಷ್ಟೇ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ, ನಿಂತಲ್ಲೇ ನಿಂತು ಎಳೆಯುತ್ತಿದ್ದೆ. ಹಾಗಲ್ಲ. ಮೇಲೆ ಗುಡಿ ಹತ್ತಿರ ಕಲ್ಲಿನ ಉಯ್ಯಾಲೆ ಕಂಬ ಇದೆಯಲ್ಲ, ಅದರ ಮುಂದೆ ಗೆಳತಿಯನ್ನು ನಿಲ್ಲಿಸಿ ಹತ್ತಿರದಿಂದ 18ರಲ್ಲಿ ತೆಗಿ. ಅವಳು ದೊಡ್ಡದು, ಕಂಬ ಹಿಂದೆ ಪುಟ್ಟದಾಗಿ. ಆಮೇಲೆ ಅವಳನ್ನು ಅಲ್ಲೇ ಬಿಟ್ಟು ನೀನು ಮೂವತ್ತು ನಲವತ್ತು ಹೆಜ್ಜೆ ಹಿಂದೆ ನಡಿ, ಅವಳು ಫ್ರೇಮಲ್ಲಿ ಮೊದಲಿನಷ್ಟೇ ಆಗುವವರೆಗೆ 55-250 ಎಳಿ. ಕಂಬ ಅವಳ ಬೆನ್ನ ಹಿಂದೆ ಎದ್ದು ನಿಲ್ಲುತ್ತದೆ. ಅದು ನೀನು ನಡೆದ ದೂರದಿಂದ ಆಗೋದು, ಲೆನ್ಸ್ ಬರೀ ಫ್ರೇಮ್ ಕತ್ತರಿಸಿ ಕೊಡುತ್ತದೆ. ಏಳು ಸುತ್ತಿನ ಗೋಡೆಗಳಿಗೂ ಹೀಗೇ, ದೂರ ಹೋಗಿ ಎಳೆದರೆ ಗೋಡೆ ಮೇಲೆ ಗೋಡೆ, ಬಂಡೆ ಮೇಲೆ ಬಂಡೆ ಪೇರಿಸಿಟ್ಟಂತೆ ಬರುತ್ತದೆ.

200ಕ್ಕೆ ಎಳೆದಾಗ ಶಟರ್ ವೇಗ 1/320 ಸೆಕೆಂಡಿಗಿಂತ ನಿಧಾನ ಆಗೋಕೆ ಬಿಡಬೇಡ, ಕೈ ಅಲುಗಿದ್ದು ಮನೆಗೆ ಬಂದ ಮೇಲೇ ಗೊತ್ತಾಗೋದು. ಲೆನ್ಸಲ್ಲಿ ಸ್ಟೆಬಿಲೈಸರ್ ಇದೆ, ಅದು ಕೈ ನಡುಕಕ್ಕೆ ಮಾತ್ರ, ಓಡೋ ಮಂಗಕ್ಕಲ್ಲ. ಮಧ್ಯಾಹ್ನ ಗಾಳಿಯಂತ್ರದ ಗುಡ್ಡಗಳಿಗೆ ಎಳೆದರೆ ಮಬ್ಬೇ ಜಾಸ್ತಿ ಬರುತ್ತದೆ, ಅದನ್ನು ಬೆಳಗ್ಗೆ ಮುಗಿಸು. ಓಬವ್ವನ ಕಿಂಡಿಗೆ ಮಾತ್ರ 18 ಬೇಕು, ಅಷ್ಟು ಇಕ್ಕಟ್ಟಲ್ಲಿ ಹಿಂದೆ ಸರಿಯೋಕೆ ಜಾಗವೇ ಇಲ್ಲ.

ಒಂದು ಮಾತು ಮರೆಯಬೇಡ. ಕೋಟೆ ಮೇಲೆ ಗಾಳಿಯಲ್ಲಿ ನಿಂತು ಲೆನ್ಸ್ ಬದಲಿಸಬೇಡ. ಒಂದು ಸಲ ನಾನು ಹಾಗೆ ಮಾಡಿ ಒಳಗೆ ಚಿತ್ರ ಹಿಡಿಯೋ ಸೆನ್ಸರ್ ಮೇಲೆ ಧೂಳು ಕೂತು, ಅವತ್ತಿನ ಎಲ್ಲಾ ಆಕಾಶದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ, ತುಂಬಾ ಬೇಜಾರಾಯಿತು. ಗೋಡೆ ಮರೆಗೆ ಹೋಗಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ, ಬೇಗ ಹಾಕು. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಮಂಗ ಬ್ಯಾಗಿಗೇ ಕೈ ಹಾಕುತ್ತವೆ.

ಶನಿವಾರ ರಾತ್ರಿನೇ ಬಂದುಬಿಡಿ, ಅತ್ತೆ ಊಟಕ್ಕೆ ಕಾಯುತ್ತಾಳೆ. ಬ್ಯಾಟರಿ ಚಾರ್ಜರ್ ತಾ, ನಂದು ನಿಂದಕ್ಕೆ ಆಗಲ್ಲ.